ಗಂಟೆಗೆ ಮೂರು ಕೆಜಿ

"ಹಂಗಾದ್ರೆ ಒಬ್ರೇ ಸಾಕು ಅಂತೀರಾ ರುದ್ರಣ್ಣ?"

ಮಹೇಂದ್ರ ಇದನ್ನು ಏನೋ ಮನಸ್ಸಿನಲ್ಲಿಟ್ಟುಕೊಂಡು ಕೇಳಲಿಲ್ಲ. ಕಾಫಿಗೆ ಸಕ್ಕರೆ ಸಾಕಾ ಅಂತ ಕೇಳುವವರ ಹಾಗೆ, ಒಂದು ಕಣ್ಣು ಮೊಬೈಲಿನ ಮೇಲಿಟ್ಟುಕೊಂಡೇ ಕೇಳಿದ. ಬೀರೂರಿನಲ್ಲಿ ರೈಲು ಹಳಿಯ ಆಚೆಗಿರುವ ಆ ಶೆಡ್ಡು ಅವನ ಅಪ್ಪ ನಂಜುಂಡಪ್ಪನವರು ಕಟ್ಟಿದ್ದು. ಟ್ರಾಕ್ಟರಿಗೆ ಟ್ರೈಲರ್ ಮಾಡಿಕೊಡುವುದು ಕಸುಬು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಈಗ ಹೊಸ ವೆಲ್ಡಿಂಗ್ ಮೆಷಿನ್ನು ತರಿಸಿದ್ದ, ಒಂದೇ ಕಡೆಯಿಂದ ಹತ್ತು ಟ್ರೈಲರಿನ ಆರ್ಡರ್ ಹಿಡಿದಿದ್ದ, ಇಪ್ಪತ್ತೈದು ದಿನದಲ್ಲಿ ಕೊಡುತ್ತೇನೆ ಅಂತ ಮಾತೂ ಕೊಟ್ಟುಬಿಟ್ಟಿದ್ದ.

ಶೆಡ್ಡಿನ ಹಿರಿಯ ವೆಲ್ಡರ್ ರುದ್ರಮೂರ್ತಿ ಕೈಯಲ್ಲಿದ್ದ ಹಾಳೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದ. ಅಕ್ಷರ ಅವನದೇ, ಲೆಕ್ಕವೂ ಅವನದೇ. ಎಲ್ಲೂ ಒಂದು ಸೊನ್ನೆ ಆಚೀಚೆ ಆಗಿರಲಿಲ್ಲ.

"ಲೆಕ್ಕ ಹಂಗೇ ಹೇಳ್ತೈತೆ" ಅಂದ.

ಅವನ ಬೆನ್ನ ಹಿಂದೆ ಜೊತೆಯ ವೆಲ್ಡರ್ ಭೈರೇಶ ಸುತ್ತಿಗೆ ಹಿಡಿದು ಬೆಸುಗೆಯ ಮೇಲಿನ ಕರಿ ಚಿಪ್ಪು ಕೆತ್ತುತ್ತಿದ್ದ. ಟಕಟಕ ಅನ್ನುತ್ತಿದ್ದ ಆ ಸುತ್ತಿಗೆ ನಿಂತಿತು. ಒಂದೆರಡು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಮತ್ತೆ ಶುರುವಾಯಿತು. ರುದ್ರಮೂರ್ತಿ ಹಾಳೆಯಿಂದ ತಲೆ ಎತ್ತಲಿಲ್ಲ.

ಆ ಶೆಡ್ಡಿನಲ್ಲಿ ಕೆಲಸವನ್ನು ಗಡಿಯಾರದಿಂದ ಅಳೆದವರು ಯಾರೂ ಇರಲಿಲ್ಲ. ಅಲ್ಲಿದ್ದದ್ದು ಮೋಟಿನ ಲೆಕ್ಕ. ವೆಲ್ಡಿಂಗ್ ರಾಡು ಉರಿದು ಉರಿದು ಕೊನೆಗೆ ಬೆರಳುದ್ದ ಉಳಿಯುತ್ತದಲ್ಲ, ಆ ಮೋಟನ್ನು ಒಂದು ನೀಲಿ ಪೇಂಟ್ ಡಬ್ಬಕ್ಕೆ ಹಾಕಬೇಕು. ಸಂಜೆ ಡಬ್ಬ ಬೋರಲು ಹಾಕಿ ಎಣಿಸಬೇಕು. ಇಬ್ಬರು ಸೇರಿ ದಿನಕ್ಕೆ ನೂರಾ ಎಂಬತ್ತು ಮೋಟು, ಒಂದು ಟ್ರೈಲರಿಗೆ ಐನೂರ ನಲವತ್ತು, ಅಂದರೆ ಮೂರು ದಿನ. ಹಿರೇನಲ್ಲೂರು ಕಡೆಯ ಗೌಡರು ಬಂದು ಯಾವತ್ತು ಕೊಡ್ತೀರಿ ಅಂತ ಅವಸರ ಮಾಡಿದರೆ ನಂಜುಂಡಪ್ಪನವರು ಒಳಕ್ಕೆ ಕೂಗಿ ಕೇಳುತ್ತಿದ್ದರು. ರುದ್ರಮೂರ್ತಿ ಡಬ್ಬದೊಳಕ್ಕೆ ಇಣುಕಿ ನಾಡಿದ್ದು ಮಧ್ಯಾಹ್ನ ಅಂದರೆ ನಾಡಿದ್ದು ಮಧ್ಯಾಹ್ನವೇ ಟ್ರೈಲರ್ ಶೆಡ್ಡಿನಿಂದ ಆಚೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನ ಮಾತು ತಪ್ಪಿದ್ದು ಎರಡೋ ಮೂರೋ ಸಲ, ಅದೂ ಕರೆಂಟು ಹೋಗಿ.

ಭೈರೇಶ ಬಂದು ಸೇರಿ ಹತ್ತೊಂಬತ್ತು ವರ್ಷ. ಹಿರೇನಲ್ಲೂರಿನವನು. ರುದ್ರಮೂರ್ತಿಗಿಂತ ಒಂಬತ್ತು ವರ್ಷ ಚಿಕ್ಕವನು, ಬಾಯಿ ಮಾತ್ರ ಒಂಬತ್ತು ಜನರದ್ದು. ಮುಖಕ್ಕೆ ಶೀಲ್ಡ್ ಹಿಡಿದು ರಾಡು ಉರಿಸುವಾಗ ಮಾತಾಡಲಾಗುವುದಿಲ್ಲ. ಆದರೆ ಒಂದು ರಾಡು ಉರಿಯುವುದು ಒಂದೂಕಾಲು ನಿಮಿಷ. ಅದು ಮುಗಿಯಿತು, ಶೀಲ್ಡ್ ಇಳಿಯಿತು, ಮೋಟು ಡಬ್ಬಕ್ಕೆ ಬಿತ್ತು, ಹಿಡಿಕೆಗೆ ಹೊಸ ರಾಡು ಕಚ್ಚಿಸುವಷ್ಟರಲ್ಲಿ ಒಂದು ಮಾತಿಗೆ ಜಾಗ. ಭೈರೇಶ ತನ್ನ ಕಥೆಗಳನ್ನೆಲ್ಲ ಹೀಗೇ ಹೇಳುತ್ತಿದ್ದ, ರಾಡಿಗೊಂದು ಮಾತಿನಂತೆ. ಅವನ ಅತ್ತಿಗೆಯ ಎಮ್ಮೆ ಕಳೆದುಹೋಗಿ ಸಿಕ್ಕ ಕಥೆ ಎಪ್ಪತ್ತು ಮೋಟು ಹಿಡಿದಿತ್ತು. ಎಮ್ಮೆ ಸಿಕ್ಕಿದ ಹೊತ್ತಿಗೆ ಟ್ರೈಲರಿನ ಒಂದು ಬದಿಯೇ ಎದ್ದು ನಿಂತಿತ್ತು.

ಮಹೇಂದ್ರ ಹಾಳೆ ಕೇಳಲು ಬಂದ ಆ ದಿನವೂ ಒಂದು ಕಥೆ ನಡೆದಿತ್ತು. ಭೈರೇಶನ ಚಿಕ್ಕಪ್ಪ ಕರಿಯಪ್ಪ ಯಾರದೋ ಮೊಪೆಡ್ ಇಸಕೊಂಡು ಹೆಣ್ಣು ನೋಡಲು ಹೋಗಿದ್ದಾನೆ. ಹೋಗಿ ಕೂತಿರುವುದು ಬೇರೆಯವರ ಮನೆಯಲ್ಲಿ. ಆ ಮನೆಯವರೂ ಯಾರೋ ನೆಂಟರಿರಬೇಕು ಅಂದುಕೊಂಡು ಉಪ್ಪಿಟ್ಟು ಕೊಟ್ಟಿದ್ದಾರೆ, ಇವನೂ ತಿಂದಿದ್ದಾನೆ. ಒಳಗಿನ ಬಾಗಿಲು ಸರಿಯಿತು, ಕಾಫಿ ಲೋಟ ಹಿಡ್ಕೊಂಡು ಬಂದೋಳು ನೋಡಿದ್ರೆ ಅನ್ನುವಲ್ಲಿ ಭೈರೇಶ ಹೊಸ ರಾಡು ಕಚ್ಚಿಸಿ ಶೀಲ್ಡ್ ಎತ್ತಿದ್ದ. ಆ ರಾಡು ಮುಗಿಯುವುದರೊಳಗೆ ಮಹೇಂದ್ರ ಬಂದ.

ಹಾಳೆ ಹುಟ್ಟಿದ್ದು ಅದೇ ಮಧ್ಯಾಹ್ನ. ಹೊಸ ಮೆಷಿನ್ನಿನಲ್ಲಿ ರಾಡು ಇಲ್ಲ. ಹದಿನೈದು ಕೆಜಿ ವೈರು ಒಂದು ಉರುಳೆಗೆ ಸುತ್ತಿರುತ್ತದೆ. ಟಾರ್ಚ್ ಅಂತ ಕರೆಯುವ ಅದರ ಹಿಡಿಕೆಯ ಗುಂಡಿ ಒತ್ತಿದರೆ ವೈರು ತಾನಾಗಿ ಬರುತ್ತಾ ಇರುತ್ತದೆ, ಕರಗುತ್ತಾ ಇರುತ್ತದೆ. ಕಲಿಸಿಕೊಡಲು ಡೀಲರ್ ಕಡೆಯಿಂದ ಮಾಲಿನಿ ಅನ್ನುವ ಇಂಜಿನಿಯರ್ ಹುಡುಗಿ ಶಿವಮೊಗ್ಗದಿಂದ ಬಂದಿದ್ದಳು. ಈ ವೈರು ಗಂಟೆಗೆ ಎಷ್ಟು ಕಬ್ಬಿಣ ತುಂಬುತ್ತದಮ್ಮ ಅಂತ ರುದ್ರಮೂರ್ತಿ ಕೇಳಿದ. ಅವಳು ಉತ್ತರ ಹೇಳಲಿಲ್ಲ, ಬನ್ನಿ ನೋಡೋಣ ಅಂದಳು. ಬೆಂಕಿ ಹತ್ತಿಸದೆ ಹತ್ತು ಸೆಕೆಂಡು ಗುಂಡಿ ಒತ್ತಿದಾಗ ಹೊರಗೆ ಬಂದ ವೈರು ಟೇಪಿನಲ್ಲಿ ಸರಿಯಾಗಿ ಒಂದು ಮೀಟರ್. ನಿಮಿಷಕ್ಕೆ ಆರು ಮೀಟರ್ ಆಯಿತು. ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಹತ್ತು ಮೀಟರ್ ವೈರು ಎಂಬತ್ತೊಂಬತ್ತು ಗ್ರಾಂ ತೂಗಿತು. ಅವಳು ಮೊಬೈಲ್ ತೆಗೆಯುವುದರೊಳಗೆ ರುದ್ರಮೂರ್ತಿ ಬಾಯಲ್ಲೇ ಗುಣಿಸಿ, ನಿಮಿಷಕ್ಕೆ ಐವತ್ಮೂರು, ಕಿಡಿಯಾಗಿ ಸಿಡಿದು ಹೋಗೋದು ಮೂರು ಅಂತ ಬಿಡಿ, ಐವತ್ತು ಗ್ರಾಂ, ಗಂಟೆಗೆ ಮೂರು ಕೆಜಿ ಅಂದುಬಿಟ್ಟ.

"ಎಷ್ಟು ಓದಿದೀರಾ ಸಾರ್?" ಅಂತ ಅವಳು ಕೇಳಿದಳು.

ಎಂಟನೇ ಕ್ಲಾಸು ಅಂದ. ನಮ್ಮ ಕಾಲೇಜಲ್ಲಿ ಇಷ್ಟು ಬೇಗ ಯಾರೂ ಹೇಳ್ತಿರಲಿಲ್ಲ ಅಂದಳು. ಆ ಶೆಡ್ಡಿನಲ್ಲಿ ರುದ್ರಮೂರ್ತಿಯನ್ನು ಯಾರಾದರೂ ಸಾರ್ ಅಂತ ಕರೆದದ್ದು ಅದೇ ಮೊದಲು. ಭೈರೇಶ ಒರಗಿಸಿಟ್ಟಿದ್ದ ಕಬ್ಬಿಣದ ಚಾನಲ್ಲುಗಳ ಹಿಂದೆ ನಿಂತು ಸಾರ್, ಸಾರ್ ಅಂತ ಮೆಲ್ಲಗೆ ಅಣಕಿಸಿದ್ದೂ ಅವನಿಗೆ ಆ ಹೊತ್ತಿನಲ್ಲಿ ಸಿಹಿಯಾಗಿಯೇ ಕೇಳಿಸಿತು.

ಹಾಳೆಯ ಕೊನೆಯಲ್ಲಿ ಅವಳು ಒಂದು ಸಾಲು ಖಾಲಿ ಬಿಡಿಸಿದ್ದಳು. ಎಂಟು ಗಂಟೆ ಕೆಲಸದಲ್ಲಿ ನಿಜವಾಗಿ ಬೆಂಕಿ ಉರಿಯುವುದು ಎಷ್ಟು ಹೊತ್ತು ಅನ್ನುವ ಸಾಲು. ಇದನ್ನ ನಾನು ಹೇಳಕ್ಕಾಗಲ್ಲ ಸಾರ್, ಒಂದು ವಾರ ಗಡಿಯಾರ ಇಟ್ಕೊಂಡು ನೀವೇ ನೋಡಿ ಬರೀರಿ ಅಂದು ಮೂರು ಗಂಟೆಯ ಬಸ್ಸಿಗೆ ಹೋದಳು. ಮಹೇಂದ್ರ ಬಂದದ್ದು ನಾಲ್ಕಕ್ಕೆ. ಒಂದು ವಾರ ಯಾರಿಗಿತ್ತು? ರುದ್ರಮೂರ್ತಿ ಪೆನ್ನು ಬಾಯಲ್ಲಿ ಕಚ್ಚಿಕೊಂಡು ಯೋಚಿಸಿದ. ತಾನೇನು ಕೆಲಸಗಳ್ಳನೇ? ಊಟ, ಟೀ, ಅದು ಇದು ಅಂತ ಧಾರಾಳವಾಗಿಯೇ ಬಿಡೋಣ, ಅರ್ಧ. ನಾಲ್ಕು ಗಂಟೆ ಅಂತ ಬರೆದ. ದಿನಕ್ಕೆ ಹನ್ನೆರಡು ಕೆಜಿ. ಒಂದು ಮೋಟು ಅಂದರೆ ಹದಿನೆಂಟು ಗ್ರಾಂ ಕಬ್ಬಿಣ ತುಂಬಿದ ಹಾಗೆ ಅಂತ ಹಿಡಿದರೆ ಒಂದು ಟ್ರೈಲರಿಗೆ ಬೇಕಾದದ್ದು ಹತ್ತು ಕೆಜಿಗಿಂತ ಚೂರು ಕಡಿಮೆ. ಒಬ್ಬನಿಂದ ದಿನಕ್ಕೊಂದು ಟ್ರೈಲರ್. ಹೋಗಲಿ, ಎರಡು ದಿನಕ್ಕೊಂದು ಅಂದರೂ ಹತ್ತಕ್ಕೆ ಇಪ್ಪತ್ತು ದಿನ.

ಸಂಜೆ ಮಹೇಂದ್ರ ಭೈರೇಶನನ್ನು ಹೊರಗೆ ಕರೆದು ಮಾತಾಡಿದ. ಒಳ್ಳೆಯ ಮಾತಿನಲ್ಲೇ ಹೇಳಿರಬೇಕು, ಇಬ್ಬರ ದನಿಯೂ ಏರಲಿಲ್ಲ. ಭೈರೇಶ ಒಳಗೆ ಬಂದು ತನ್ನ ಸುತ್ತಿಗೆ, ತನ್ನ ಸ್ಟೀಲ್ ಲೋಟ, ಮೊಳೆಗೆ ನೇತುಹಾಕಿದ್ದ ಅಂಗಿ ತೆಗೆದು ಬ್ಯಾಗಿಗೆ ಹಾಕಿಕೊಂಡ. ಡಬ್ಬ ಎಣಿಸಲಿಲ್ಲ. ಬತ್ತೀನಿ ರುದ್ರಣ್ಣ ಅಂದ. ದಿನಾ ಹೇಳುವ ಹಾಗೆಯೇ ಹೇಳಿದ, ಆದ್ದರಿಂದ ರುದ್ರಮೂರ್ತಿಯೂ ದಿನಾ ಹೇಳುವ ಹಾಗೆಯೇ ಹೂಂ ಅಂದ.

ಸೋಮವಾರ ಬೆಳಿಗ್ಗೆ ಹೊಸ ಉರುಳೆ ಕೂರಿಸಿದ. ಲೆಕ್ಕದ ಪ್ರಕಾರ ಅದು ಮಂಗಳವಾರ ಹತ್ತೂವರೆ ಹೊತ್ತಿಗೆಲ್ಲ ಖಾಲಿಯಾಗಬೇಕು.

ಮೆಷಿನ್ನಿನ ಬಗ್ಗೆ ಸುಳ್ಳು ಹೇಳಬಾರದು. ಗುಂಡಿ ಒತ್ತಿದರೆ ಬೆಸುಗೆ ಬೆಣ್ಣೆ ಹಚ್ಚಿದಂತೆ ಕೂರುತ್ತಿತ್ತು. ಕೆತ್ತಲು ಚಿಪ್ಪೂ ಇಲ್ಲ. ಆದರೆ ಗುಂಡಿ ಒತ್ತುವ ಮೊದಲು ಟ್ರೈಲರಿನ ಚೌಕಟ್ಟಿಗೆ ಹನ್ನೊಂದು ಅಡಿಯ ಚಾನಲ್ ಎತ್ತಿ ಕೂರಿಸಬೇಕಲ್ಲ. ಈ ತುದಿ ಸ್ಟ್ಯಾಂಡಿನ ಮೇಲಿಟ್ಟು ಆ ತುದಿ ಎತ್ತಲು ಹೋದರೆ ಈ ತುದಿ ಜಾರುತ್ತಿತ್ತು. ಕೊನೆಗೆ ಚೈನ್ ಪುಲ್ಲಿಗೆ ಹಗ್ಗ ಕಟ್ಟಿ ಎತ್ತಿದ, ಒಂದು ಚಾನಲ್ಲಿಗೆ ಮುಕ್ಕಾಲು ಗಂಟೆ. ಚೌಕಟ್ಟು ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಬೇಕಾದರೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಬೇಕು. ಟೇಪಿಗೆ ಎರಡು ತುದಿ. ಒಂದು ತುದಿಯನ್ನು ಅಯಸ್ಕಾಂತದಿಂದ ಒತ್ತಿ ಇಟ್ಟು ಇತ್ತ ಬಂದು ಎಳೆದರೆ ಅದು ಸರ್ರನೆ ಬಿಟ್ಟುಕೊಂಡು ಇವನ ಮೊಣಕಾಲಿಗೆ ಬಂದು ಬಡಿಯಿತು.

"ಸ್ವಲ್ಪ ಸರಿಯಾಗಿ ಹಿಡ್ಕೊಳೋ" ಅಂದ ರುದ್ರಮೂರ್ತಿ.

ಅಂದ ಮೇಲೆ ಸುತ್ತ ನೋಡಿದ. ಹಳಿಯ ಮೇಲೆ ಗೂಡ್ಸ್ ಗಾಡಿ ಒಂದೇ ಸಮ ಹೋಗುತ್ತಿತ್ತು. ಅದರ ಕೊನೆಯ ಡಬ್ಬಿ ದಾಟುವವರೆಗೂ ಟೇಪ್ ಹಿಡಿದು ನಿಂತೇ ಇದ್ದ.

ಬೆಂಕಿ ಉರಿಯುವಾಗ ಬೇರೊಂದು ತೊಂದರೆ. ವೈರು ನಿಲ್ಲುವುದಿಲ್ಲ. ಒಂದೂಕಾಲು ನಿಮಿಷಕ್ಕೊಮ್ಮೆ ಕೈ ತಾನಾಗಿ ಸಡಿಲಾಗುತ್ತಿತ್ತು, ಕಿವಿ ಒಂದು ಮಾತಿಗೆ ಕಾಯುತ್ತಿತ್ತು. ಮಾತು ಬರುತ್ತಿರಲಿಲ್ಲ, ವೈರು ಬರುತ್ತಿತ್ತು. ಆಗ ಅವನ ತಲೆಯೊಳಗೆ ಚಿಕ್ಕಪ್ಪ ಕರಿಯಪ್ಪ ಯಾರದೋ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿರುತ್ತಿದ್ದ, ಒಳಗಿನ ಬಾಗಿಲು ಸರಿಯುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು.

ರುದ್ರಮೂರ್ತಿಯ ಮನೆ ಅಜ್ಜಂಪುರದಲ್ಲಿ. ಬೆಳಿಗ್ಗೆ ರೈಲಿನಲ್ಲಿ ಬೀರೂರಿಗೆ ಬಂದು ಸಂಜೆ ಅದರಲ್ಲೇ ವಾಪಸ್ಸು. ಹೆಂಡತಿ ತೀರ್ಥಮ್ಮ ಹೋಗಿ ಆರು ವರ್ಷ, ಮಕ್ಕಳಿಲ್ಲ. ಮನೆಯ ಮೌನ ಅವನಿಗೆ ಅಭ್ಯಾಸವಾಗಿತ್ತು. ಅದು ರಾತ್ರಿಯ ಮೌನ, ದಿನವೆಲ್ಲ ಕಿವಿ ತುಂಬಿಸಿಕೊಂಡು ಬಂದವನಿಗೆ ಹಿತವಾಗಿಯೇ ಇರುತ್ತಿತ್ತು. ಹೊಸದಾಗಿದ್ದದ್ದು ಹಗಲಿನ ಮೌನ. ಎಣಿಸುವುದು ರೂಢಿಯಾದ ಮನುಷ್ಯ, ಎಣಿಸಲು ಮೋಟಿಲ್ಲ, ಹಾಗಾಗಿ ಬುಧವಾರ ತಾನಾಡಿದ ಮಾತುಗಳನ್ನೇ ಎಣಿಸಿದ. ಬೆಳಗಿನಿಂದ ಮಲಗುವವರೆಗೆ ಹದಿನಾಲ್ಕು ಪದ. ಅದರಲ್ಲಿ ಐದು ಟೀ ಅಂಗಡಿಯವನಿಗೆ, ಆರು ಫೋನಿನಲ್ಲಿ ಮಹೇಂದ್ರನಿಗೆ. ಉಳಿದ ಮೂರು ಟೇಪಿಗೆ.

ಉರುಳೆಯ ವೈರು ಮುಗಿದದ್ದು ಮಂಗಳವಾರ ಅಲ್ಲ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ, ಟಾರ್ಚ್ ಒಮ್ಮೆ ಪಟ್ ಅಂದು ಸುಮ್ಮನಾಯಿತು. ರುದ್ರಮೂರ್ತಿ ಖಾಲಿ ಉರುಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಜೇಬಿನಿಂದ ಹಾಳೆ ತೆಗೆದ. ಹದಿನೈದು ಕೆಜಿ, ಐದು ದಿನ. ದಿನಕ್ಕೆ ಮೂರು. ಗಂಟೆಗೆ ಮೂರು ಕೆಜಿ ಅನ್ನುವ ಲೆಕ್ಕ ಸರಿಯಾಗಿಯೇ ಇತ್ತು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಾಗಾದರೆ ದಿನಕ್ಕೆ ಬೆಂಕಿ ಉರಿದದ್ದು ಒಂದು ಗಂಟೆ. ಎಂಟರಲ್ಲಿ ಒಂದು.

ಉಳಿದ ಏಳು ಗಂಟೆ ಎಲ್ಲಿ ಹೋದವು ಅಂತ ಅವನು ಬಹಳ ಹೊತ್ತು ಯೋಚಿಸಲಿಲ್ಲ, ಗೊತ್ತಿತ್ತು. ಒಬ್ಬ ಉರಿಸುತ್ತಿದ್ದಾಗ ಇನ್ನೊಬ್ಬ ಮುಂದಿನದನ್ನು ಎತ್ತಿ, ಹೊಂದಿಸಿ, ಹಿಡಿದು ನಿಂತಿರುತ್ತಿದ್ದನಲ್ಲ, ಅಲ್ಲಿ ಹೋದವು. ಮೋಟಿನ ಲೆಕ್ಕ ಅವನನ್ನು ಕೆಡಿಸಿತ್ತು. ನೂರಾ ಎಂಬತ್ತು ಮೋಟು ಅಂದರೆ ಅದು ಇಡೀ ದಿನದ ಎಣಿಕೆ. ಎತ್ತುವುದು, ಇಳಿಸುವುದು, ಟೇಪ್ ಹಿಡಿಯುವುದು, ಟೀ, ಎಮ್ಮೆ ಕಥೆ, ಎಲ್ಲ ಡಬ್ಬದೊಳಗೇ ಬಂದುಬಿಟ್ಟಿರುತ್ತಿತ್ತು. ಬೇರೆಯಾಗಿ ಯಾವುದನ್ನೂ ಎಣಿಸಿ ಅವನಿಗೆ ರೂಢಿಯಿರಲಿಲ್ಲ. ಅದಕ್ಕೇ ಇರಬೇಕು, ಹತ್ತು ಸೆಕೆಂಡಿನ ವೈರನ್ನು ಹಿಡಿದು ದಿನ ಕಟ್ಟುವಾಗ ಅವೊಂದೂ ನೆನಪಿಗೆ ಬರಲಿಲ್ಲ. ನೋಡಿ ಬರೀರಿ ಅಂತ ಆ ಹುಡುಗಿ ಬಿಡಿಸಿದ್ದ ಸಾಲಿಗೆ ಅವನು ನೋಡದೆ ತನ್ನ ಜಂಬ ತುಂಬಿದ್ದ.

ಶನಿವಾರ ಮಹೇಂದ್ರನಿಗೆ ಹೇಳಿದ. ಐದು ದಿನಕ್ಕೆ ಒಂದೂವರೆ ಟ್ರೈಲರ್ ಆಗಿದೆ, ಹೀಗೇ ಹೋದರೆ ಹತ್ತಕ್ಕೆ ಮೂವತ್ತು ದಿನ ದಾಟುತ್ತದೆ. ಇಬ್ಬರಿದ್ದರೆ ಬೆಂಕಿ ಮೂರು ಗಂಟೆಯಾದರೂ ಉರಿಯುತ್ತದೆ, ಒಂಬತ್ತು ಕೆಜಿ, ಹೆಚ್ಚು ಕಡಿಮೆ ದಿನಕ್ಕೊಂದು ಟ್ರೈಲರ್.

"ಒಬ್ರೇ ಸಾಕು ಅಂದಿದ್ದು ನೀವೇ ಅಲ್ವಾ?"

"ನಾನೇ. ತಪ್ಪು ಹೇಳ್ದೆ."

ಮಹೇಂದ್ರ ಅವನ ಮುಖ ನೋಡಿದ. ಅಪ್ಪನ ಕಾಲದಿಂದ ಈ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಬೈಯಲೂ ಇಲ್ಲ. ಭೈರೇಶ ತರೀಕೆರೆಯಲ್ಲಿ ಪರಮೇಶನ ಗ್ರಿಲ್ ಅಂಗಡಿಗೆ ಸೇರಿದ್ದಾನಂತೆ, ನೀವೇ ಹೋಗಿ ಕೇಳಿ, ಬಂದರೆ ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ಬೇರೆ ಯಾರನ್ನಾದರೂ ನೋಡಬೇಕು ಅಂದ.

ಭಾನುವಾರ ರುದ್ರಮೂರ್ತಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಜ್ಜಂಪುರದಿಂದ ತರೀಕೆರೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡ. ಹಾಳೆಯಲ್ಲಿ ನಾಲ್ಕು ಗಂಟೆ ಅಂತಿದ್ದದ್ದನ್ನು ಹೊಡೆದು ಹಾಕಿ ಪಕ್ಕದಲ್ಲಿ ಒಂದು ಅಂತ ಬರೆದಿದ್ದ, ಅದನ್ನೂ ಇಟ್ಟುಕೊಂಡಿದ್ದ. ಮಾತು ಕೈಕೊಟ್ಟರೆ ಹಾಳೆ ತೋರಿಸಬಹುದು ಅಂತ.

ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಆ ಅಂಗಡಿ ಭಾನುವಾರವೂ ತೆರೆದಿತ್ತು. ಯಾರದೋ ಗೃಹಪ್ರವೇಶಕ್ಕೆ ಕಿಟಕಿ ಗ್ರಿಲ್ ಅರ್ಜೆಂಟಂತೆ. ಭೈರೇಶ ಒಬ್ಬನೇ ಕುಕ್ಕರುಗಾಲಲ್ಲಿ ಕೂತು ರಾಡು ಉರಿಸುತ್ತಿದ್ದ. ಶೀಲ್ಡ್ ಇಳಿಸಿದವನು ಬಾಗಿಲಲ್ಲಿ ನಿಂತವನನ್ನು ನೋಡಿ ಒಂದು ಸ್ಟೂಲು ಕಾಲಲ್ಲೇ ಇತ್ತ ತಳ್ಳಿದ.

"ಏನು ಸಾರ್, ಇಷ್ಟು ದೂರ?" ಅಂದ.

ರುದ್ರಮೂರ್ತಿ ನಗಲು ನೋಡಿದ. ಹಾಳೆ ತೆಗೆದು ಕೊಟ್ಟ. ಭೈರೇಶ ಮಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಇಸಕೊಂಡು, ಹೊಡೆದುಹಾಕಿದ ಸಾಲಿನವರೆಗೂ ಓದಿದ.

"ಒಂದು ಗಂಟೆಯಾ?"

"ಒಂದೇ ಗಂಟೆ ಕಣೋ. ನೀನಿಲ್ದೆ ಟೇಪ್ ಹಿಡ್ಯಕ್ಕೂ ಆಗಲ್ಲ. ಮಹೇಂದ್ರಪ್ಪ ಕರ್ಕೊಂಡ್ ಬಾ ಅಂದವ್ರೆ."

ಭೈರೇಶ ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿ ವಾಪಸ್ಸು ಕೊಟ್ಟ. ಅಣ್ಣ, ಲೆಕ್ಕ ತಪ್ಪಿದ್ದಕ್ಕೆ ನನಗೆ ಬೇಜಾರಿಲ್ಲ, ಯಾರಿಗಾದರೂ ತಪ್ಪುತ್ತದೆ ಅಂದ. ಮಹೇಂದ್ರನ ಮೇಲೂ ಬೇಜಾರಿಲ್ಲವಂತೆ.

"ಆ ವಯ್ಯ ಕೇಳ್ದಾಗ ನಾನು ನಿನ್ನಿಂದ ಮೂರು ಮಾರು ದೂರದಾಗೆ ಇದ್ದೆ. ನೀನು ಹಾಳೆ ನೋಡ್ದೆ. ನನ್ನ ಕಡೆ ಒಂದ್ಸಲ ತಿರುಗ್ಲಿಲ್ಲ."

ರುದ್ರಮೂರ್ತಿ ಆ ಸ್ಟೂಲಿನ ಮೇಲೆ ಕೂತ. ಹೌದು ಅಂತ ತಲೆ ಅಲ್ಲಾಡಿಸಿದ. ಹೊರಗೆ ರಸ್ತೆಯಲ್ಲಿ ತರಕಾರಿ ಆಟೋದ ಮೈಕು ಕೂಗಿಕೊಂಡು ಹೋಯಿತು.

"ಈಗ ಬತ್ತೀಯೇನೋ?"

"ಬರಲ್ಲ ಕಣಣ್ಣ." ಭೈರೇಶ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾದದ್ದು. "ಬಂದು ಏನ್ ಮಾಡ್ಲಿ? ನೀನು ಗಂಟೆಗಟ್ಲೆ ಆ ವೈರ್ ಹಿಡ್ಕಂಡು ಮುಸುಕು ಹಾಕ್ಕಂಡಿರ್ತೀಯ. ಅದು ನಿಲ್ಲಾದೇ ಇಲ್ಲ. ನಾನು ಯಾರ್ ಹತ್ರ ಮಾತಾಡ್ಲಿ, ಚಾನಲ್ ಹತ್ರವಾ?"

ಇಲ್ಲಿ ಇನ್ನೂ ರಾಡೇ. ಪರಮೇಶ ಬಾಯಿಬಿಡುವುದು ಕಮ್ಮಿ, ಆದರೆ ಕೇಳಿಸಿಕೊಳ್ಳುತ್ತಾನೆ. ದೀಪಾವಳಿವರೆಗೂ ಇರುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಆಮೇಲಿನದು ಗೊತ್ತಿಲ್ಲ ಅಂದ. ರುದ್ರಮೂರ್ತಿಗೆ ವಾದ ಮಾಡಬೇಕು ಅನ್ನಿಸಿತು, ಆದರೆ ಆ ಐದು ದಿನ ಗುಂಡಿ ಒತ್ತಿಕೊಂಡು ಕೂತವನು ತಾನೇ. ಅವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಹಾಳೆಯನ್ನು ಜೇಬಿಗಿಟ್ಟು ಏಳಲು ಹೊರಟವನು ಹಾಗೇ ಕೂತ.

"ಅದ್ಸರಿ, ಆ ಕಾಫಿ ತಂದೋಳು ಯಾರು?"

ಭೈರೇಶ ಒಂದು ಗಳಿಗೆ ಅರ್ಥವಾಗದೆ ನೋಡಿದ. ಆಮೇಲೆ ಅವನ ಮೀಸೆಯ ಒಂದು ಬದಿ ಮೇಲಕ್ಕೆ ಹೋಯಿತು.

"ಬಸ್ಸು ಎಷ್ಟೊತ್ತಿಗೆ ನಿಂದು?"

"ಇನ್ನೂ ಒಂದು ಗಂಟೆ ಐತೆ."

"ಹಂಗಾದ್ರೆ ಕೂತ್ಕೋ" ಅಂದು ಭೈರೇಶ ಹೊಸ ರಾಡು ಕಚ್ಚಿಸಿ ಶೀಲ್ಡ್ ಎತ್ತಿದ.

ರುದ್ರಮೂರ್ತಿ ಬೆಂಕಿಯ ಕಡೆ ನೋಡದೆ ಗೋಡೆಯ ಕಡೆ ಮುಖ ಮಾಡಿ ಕೂತ. ರಾಡು ತನ್ನ ಹೊತ್ತಿಗೆ ತಾನು ಉರಿದು ಮುಗಿಯಿತು. ಶೀಲ್ಡ್ ಇಳಿಯಿತು. ಈ ಅಂಗಡಿಯಲ್ಲಿ ಎಣಿಸುವ ಪದ್ಧತಿ ಇರಲಿಲ್ಲ. ಭೈರೇಶ ಮೋಟನ್ನು ನೆಲಕ್ಕೆ ಬಿಸಾಕಿದ. ರುದ್ರಮೂರ್ತಿ ಎದ್ದು, ಮೂಲೆಯಲ್ಲಿ ಬಿದ್ದಿದ್ದ ಒಂದು ಖಾಲಿ ಪೇಂಟ್ ಡಬ್ಬವನ್ನು ತಂದು ಇಬ್ಬರ ನಡುವೆ ಇಟ್ಟ. ಆಮೇಲೆ ಬಗ್ಗಿ, ಇನ್ನೂ ಬಿಸಿಯಿದ್ದ ಮೋಟನ್ನು ಅಂಗಿಯ ತುದಿಯಲ್ಲಿ ಹಿಡಿದೆತ್ತಿ ಅದರೊಳಕ್ಕೆ ಹಾಕಿದ.